ಬ್ಲಾಕಿನಲ್ಲಿ ಉಳಿದ ಆರ್‌ಎನ್‌ಎ

ಮುಂಬಯಿಯ ಪರೇಲಿನಲ್ಲಿ 1941ರಿಂದ ನಡೆಯುತ್ತಿರುವ ಟಾಟಾ ಸ್ಮಾರಕ ಆಸ್ಪತ್ರೆಗೆ ಕಲಬುರಗಿ, ವಿಜಯಪುರದ ಕಡೆಯಿಂದ ಬರುವವರ ಚೀಲದಲ್ಲಿ ಊರಿನ ವೈದ್ಯರ ಕಾಗದಪತ್ರಗಳ ಜೊತೆಗೆ ಅನೇಕ ವೇಳೆ ಸ್ಲೈಡುಗಳೂ ಬ್ಲಾಕೂ ಇರುತ್ತವೆ. ಬ್ಲಾಕ್ ಎಂದರೆ ಗಡ್ಡೆಯ ತುಣುಕನ್ನು ಕೊಳೆಯದಂತೆ ಕಾಪಾಡುವ ಫಾರ್ಮಲಿನ್ ದ್ರವದಲ್ಲಿ ನೆನೆಸಿ ಪ್ಯಾರಾಫಿನ್ ಮೇಣದಲ್ಲಿ ಹುದುಗಿಸಿಟ್ಟ ಸಣ್ಣ ಅಚ್ಚು. ಅದರಿಂದ ಕೆಲವೇ ಮೈಕ್ರಾನ್ ದಪ್ಪದ ಪದರ ಕೊಯ್ದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ನೋಡಿದರೆ ಜೀವಕೋಶಗಳ ಆಕಾರ, ಜೋಡಣೆ ತಿಳಿಯುತ್ತವೆ. ಅವುಗಳ ಯಾವ ಜೀನ್‌ಗಳು ಚುರುಕಾಗಿದ್ದವು ಎಂದು ತಿಳಿಯಲು ಆರ್‌ಎನ್‌ಎಯನ್ನು, ಅಂದರೆ ಜೀನಿನಿಂದ ತಯಾರಾಗುವ ಅದರ ಸಂದೇಶದ ನಕಲನ್ನು, ಅಳೆಯಬೇಕಾಗುತ್ತದೆ.

ಚರ್ಮದ ಕೋಶವಿರಲಿ, ಸ್ತನದ ಕೋಶವಿರಲಿ, ಪ್ರೋಟೀನಿಗೆ ಸೂತ್ರ ಒದಗಿಸುವ ಸುಮಾರು 20,000 ಜೀನ್‌ಗಳು ಎರಡರಲ್ಲೂ ಇರುತ್ತವೆ. ಯಾವ ಜೀನಿನಿಂದ ಎಷ್ಟು ಸಂದೇಶವಾಹಕ ಆರ್‌ಎನ್‌ಎ ತಯಾರಾಗುತ್ತದೆ ಎಂಬುದರಲ್ಲಿ ವ್ಯತ್ಯಾಸವಿದೆ. ಜೀನ್ ಅಭಿವ್ಯಕ್ತಿಯೆಂದರೆ ಇದೇ. ಸೂಕ್ಷ್ಮದರ್ಶಕದಡಿ ಹೆಚ್ಚುಕಡಿಮೆ ಒಂದೇ ತೆರನಾಗಿ ಕಾಣುವ ಸ್ತನದ ಗಡ್ಡೆಗಳು ಈ ಅಳತೆಯಲ್ಲಿ ಬೇರೆ ಬೇರೆ ಗುಂಪುಗಳಾಗಿ ಒಡೆಯುತ್ತವೆಂಬುದು 2000ನೇ ಇಸವಿಯಲ್ಲಿ ಪ್ರಕಟವಾದ ಸಂಶೋಧನೆಯಿಂದ ಸ್ಪಷ್ಟವಾಯಿತು.

ಅದರಿಂದ ಚಿಕಿತ್ಸೆಗೂ ಉಪಯೋಗವಾಗಿದೆ. ಹಾರ್ಮೋನಿಗೆ ಸ್ಪಂದಿಸುವ ಸ್ತನ ಕ್ಯಾನ್ಸರಿನಲ್ಲಿ ಬಳಸುವ ಆಂಕೋಟೈಪ್ ಪರೀಕ್ಷೆ 21 ಜೀನ್‌ಗಳನ್ನು ಅಳೆದು, ರೋಗ ಮರುಕಳಿಸುವ ಸಾಧ್ಯತೆಗೆ ಅಂಕ ಕೊಡುತ್ತದೆ. ಕಂಕುಳಿನ ದುಗ್ಧಗ್ರಂಥಿಗಳಿಗೆ ಹರಡದ ಇಂಥ ರೋಗದಲ್ಲಿ ಅಂಕ 11ರಿಂದ 25ರೊಳಗಿದ್ದರೆ, 50 ದಾಟಿದ ಮಹಿಳೆಯರಿಗೆ ಹಾರ್ಮೋನ್ ಚಿಕಿತ್ಸೆಯ ಜೊತೆ ಕಿಮೋಥೆರಪಿ ಕೊಟ್ಟು ಹೆಚ್ಚಿನ ಲಾಭವಿಲ್ಲವೆಂದು 2018ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತೋರಿಸಿತು. ನನಗೆ ಹೆಚ್ಚು ಕುತೂಹಲ ಆ 21ರಲ್ಲಿ ಕ್ಯಾನ್ಸರಿನ ಸುದ್ದಿಗೇ ಹೋಗದ ಐದು ಜೀನ್‌ಗಳ ಬಗ್ಗೆ. ಫಾರ್ಮಲಿನ್ ಆರ್‌ಎನ್‌ಎಯನ್ನು ತುಂಡರಿಸುತ್ತದೆ, ಬ್ಲಾಕ್ ಹಳತಾದಷ್ಟೂ ಅದು ಇನ್ನಷ್ಟು ಕೆಡುತ್ತದೆ. ಹಾಗಾಗಿ ಸಾಮಾನ್ಯವಾಗಿ ಏರಿಳಿತವಿಲ್ಲದ ಈ ಐದರ ಮಟ್ಟವನ್ನು ಆಧಾರವಾಗಿಟ್ಟುಕೊಂಡು ಉಳಿದ 16ರ ಲೆಕ್ಕವನ್ನು ಸರಿಹೊಂದಿಸುತ್ತಾರೆ.

ಆದರೆ ಈ ಲೆಕ್ಕದಿಂದ ಸರಿಪಡಿಸಲಾಗದ ತೊಡಕೂ ಒಂದಿದೆ. ಗಡ್ಡೆಯಲ್ಲಿ ಕ್ಯಾನ್ಸರ್ ಕೋಶಗಳಷ್ಟೇ ಇರುವುದಿಲ್ಲ. ರಕ್ತನಾಳ, ನಾರು, ಕೊಬ್ಬು, ರೋಗನಿರೋಧಕ ಕೋಶಗಳು ಎಲ್ಲವೂ ಕಲೆತಿರುತ್ತವೆ. ರೋಗನಿರೋಧಕ ಜೀನೊಂದರ ಮಟ್ಟ ಏರಿದ್ದು ಕಂಡರೆ, ಆ ಜೀನ್ ಚುರುಕಾಗಿದೆಯೋ ಅಥವಾ ಆ ತುಣುಕಿನಲ್ಲಿ ಅಂಥ ಕೋಶಗಳೇ ಹೆಚ್ಚಿದ್ದವೋ ಎಂಬುದನ್ನು ಒಟ್ಟು ಅಳತೆ ಹೇಳಲಾರದು. ಒಂದೊಂದು ಕೋಶವನ್ನೂ ಪ್ರತ್ಯೇಕವಾಗಿ ಓದುವ ವಿಧಾನ ಈಗ ಸಂಶೋಧನೆಯಲ್ಲಿ ಬಳಕೆಯಲ್ಲಿದೆ, ಆದರೆ ದುಬಾರಿ. ಹಾಗಾಗಿ ಇಂದಿಗೂ ಅಂಗಾಂಶ ಪರೀಕ್ಷಿಸುವ ವೈದ್ಯರಾದ ಪೆಥಾಲಜಿಸ್ಟ್ ಸ್ಲೈಡನ್ನು ನೋಡಿ, ಕ್ಯಾನ್ಸರ್ ಕೋಶಗಳು ದಟ್ಟವಾಗಿರುವ ಜಾಗಕ್ಕೆ ಪೆನ್ನಿನಿಂದ ಗೆರೆ ಹಾಕುತ್ತಾರೆ. ಆ ಗೆರೆಯೊಳಗಿನದನ್ನಷ್ಟೇ ಕೆರೆದು ಪರೀಕ್ಷೆಗೆ ತೆಗೆದುಕೊಳ್ಳುತ್ತಾರೆ. ಲಕ್ಷಗಟ್ಟಲೆ ಬೆಲೆಯ ಯಂತ್ರದ ಉತ್ತರ ಎಷ್ಟು ನಂಬಲರ್ಹ ಎಂಬುದು ಬಹುಮಟ್ಟಿಗೆ ಈ ಗೆರೆಯ ಮೇಲೆ ನಿಂತಿದೆ. ಗೆರೆಯೊಳಗೆ ಕೋಶಗಳು ಸಾಲದಿದ್ದರೆ ಬೇರೆ ಬ್ಲಾಕ್ ಕೇಳುತ್ತಾರೆ. ಆದ್ದರಿಂದ ಊರಿನ ಪ್ರಯೋಗಾಲಯದಿಂದ ಹೊರಡುವಾಗಲೇ ಇರುವ ಬ್ಲಾಕುಗಳನ್ನೆಲ್ಲ ಕೇಳಿ ಪಡೆದು, ಬಿಸಿಲು ತಾಗದಂತೆ ತರುವುದು ಒಳ್ಳೆಯದು.