ಕೌನ್ಸಿಲ್ ಮೇಲೆ ಸಿಟ್ಟು ಸರಿ, ದೂರು ಯಾರಿಗೆ?

ಇಂಗ್ಲೆಂಡಿನಲ್ಲಿರುವ ಕನ್ನಡದ ಅಪ್ಪ ಅಮ್ಮಂದಿರು ಫೋನ್ ಮಾಡಿದರೆ ಮೊದಲ ಮಾತು ಹೆಚ್ಚುಕಡಿಮೆ ಒಂದೇ. "ಮೇಡಂ, ಕೌನ್ಸಿಲ್ ಮೇಲೆ ಒಂದು ಸ್ಟ್ರಾಂಗ್ ಕಂಪ್ಲೇಂಟ್ ಬರೆದುಕೊಡಿ." ಕೌನ್ಸಿಲ್ ಅಂದರೆ ಊರಿನ ಸ್ಥಳೀಯ ಆಡಳಿತ, ವಿಶೇಷ ಸಹಾಯ ಬೇಕಾದ ಮಕ್ಕಳ ಹೊಣೆ ಅದರದು. ಸಿಟ್ಟಿಗೆ ಕಾರಣ ಇದ್ದೇ ಇರುತ್ತದೆ. ಮಗುವಿಗೆ ಆಟಿಸಂ, ಅಥವಾ ಮಾತು ತಡ. ಶಾಲೆಯವರು ಕೈಚೆಲ್ಲಿದ್ದಾರೆ, ಕೌನ್ಸಿಲ್‌ನಿಂದ ಉತ್ತರ ಬರುತ್ತಿಲ್ಲ. ಪತ್ರ ಬರೆಯುವ ಮೊದಲು ನಾನು ಕೇಳುವುದು ಇಷ್ಟೇ: ಕೌನ್ಸಿಲ್ ತೆಗೆದುಕೊಂಡ ತೀರ್ಮಾನ ತಪ್ಪು ಅಂತಲಾ, ಅಥವಾ ಮಾಡಬೇಕಾದ ಕೆಲಸ ಮಾಡಿಲ್ಲ ಅಂತಲಾ?

ಮನೆಯವರಿಗೆ ಎರಡೂ ಒಂದೇ ಸಂಕಟ. ಕಾನೂನಿಗೆ ಬೇರೆ ಬೇರೆ. ತೀರ್ಮಾನ ತಪ್ಪಾದರೆ ಟ್ರಿಬ್ಯೂನಲ್‌ಗೆ, ಅಂದರೆ ಇಂಥ ತಕರಾರು ಕೇಳುವ ನ್ಯಾಯಮಂಡಳಿಗೆ, ಅಪೀಲು. ಕೆಲಸ ಆಗದಿದ್ದರೆ ಕೌನ್ಸಿಲ್‌ಗೆ ದೂರು, ಅಲ್ಲೂ ಆಗದಿದ್ದರೆ ಒಂಬುಡ್ಸ್‌ಮನ್, ಅಂದರೆ ಕೌನ್ಸಿಲ್‌ಗಳ ಮೇಲಿನ ದೂರು ವಿಚಾರಿಸುವ ಸ್ವತಂತ್ರ ಅಧಿಕಾರಿ. ಅಪೀಲಿಗೆ ಇರುವುದು ತೀರ್ಮಾನದ ಪತ್ರದ ದಿನದಿಂದ ಎರಡು ತಿಂಗಳು, ಅಥವಾ ಮೀಡಿಯೇಷನ್ (ಮಧ್ಯಸ್ಥರ ಮುಂದೆ ರಾಜಿ ಮಾತುಕತೆ) ಸರ್ಟಿಫಿಕೇಟ್ ಬಂದ ದಿನದಿಂದ ಒಂದು ತಿಂಗಳು. ಎರಡರಲ್ಲಿ ಯಾವುದು ತಡವೋ ಅದು. ಎಷ್ಟೋ ಜನ ದೂರು ಕೊಟ್ಟು, ಉತ್ತರಕ್ಕೆ ಕಾದು ಕೂತು, ಈ ಗಡುವನ್ನೇ ಕಳೆದುಕೊಳ್ಳುತ್ತಾರೆ.

ಇದಕ್ಕೆಲ್ಲ ಬುಡ 2014ರ ಚಿಲ್ಡ್ರನ್ ಅಂಡ್ ಫ್ಯಾಮಿಲೀಸ್ ಆಕ್ಟ್. ಇದರಲ್ಲಿ ವಿಶೇಷ ಅಗತ್ಯದ ಮಕ್ಕಳ ಭಾಗ ಇಂಗ್ಲೆಂಡಿಗೆ ಮಾತ್ರ. ವೇಲ್ಸ್, ಸ್ಕಾಟ್ಲೆಂಡ್‌ಗಳ ವ್ಯವಸ್ಥೆಯೇ ಬೇರೆ. ಶಾಲೆ ತಾನಾಗಿ ಕೊಡುವ ಸಹಾಯ ಸಾಲದ ಮಕ್ಕಳಿಗೆ ಇಎಚ್‌ಸಿ ಪ್ಲಾನ್ (ಶಿಕ್ಷಣ, ಆರೋಗ್ಯ, ಆರೈಕೆಯಲ್ಲಿ ಏನು ಸಹಾಯ ಬೇಕೆಂದು ಕೌನ್ಸಿಲ್ ಬರೆದುಕೊಡುವ ಯೋಜನೆ) ಇದೆ. 25 ವರ್ಷದವರೆಗೂ ಸಿಗಬಹುದು. ಅದಕ್ಕೆ ಮಗುವಿನ ಅಸೆಸ್‌ಮೆಂಟ್ ಆಗಬೇಕು ಎಂದು ಪೋಷಕರೇ ನೇರವಾಗಿ ಕೇಳಬಹುದು, ಶಾಲೆಯ ಒಪ್ಪಿಗೆ ಬೇಕಿಲ್ಲ. ಮಾಡುತ್ತೇವೋ ಇಲ್ಲವೋ ಎಂದು ಕೌನ್ಸಿಲ್ ಆರು ವಾರದಲ್ಲಿ ಹೇಳಬೇಕು. ಒಪ್ಪಿದರೆ, ಕೇಳಿದ ದಿನದಿಂದ 20 ವಾರದೊಳಗೆ ಅಂತಿಮ ಪ್ಲಾನ್ ಕೈಗೆ ಬರಬೇಕು. 2024ರಲ್ಲಿ ಹೊಸ ಪ್ಲಾನ್‌ಗಳಲ್ಲಿ ಅರ್ಧದಷ್ಟೂ ಈ ಅವಧಿಯಲ್ಲಿ ಬರಲಿಲ್ಲ. ಎಜುಕೇಷನಲ್ ಸೈಕಾಲಜಿಸ್ಟ್‌ಗಳು ಸಿಗುತ್ತಿಲ್ಲ ಅನ್ನುವುದು ಕೌನ್ಸಿಲ್‌ಗಳ ಮಾಮೂಲಿ ಉತ್ತರ. ಕೊರತೆ ನಿಜ. ಆದರೂ ತಡವಾದದ್ದು ಕೌನ್ಸಿಲ್‌ನ ಲೋಪವೇ ಎಂದು ಒಂಬುಡ್ಸ್‌ಮನ್ ಮತ್ತೆ ಮತ್ತೆ ಹೇಳಿದ್ದಾರೆ. ಹಾಗಾಗಿ ತಡಕ್ಕೆ ದೂರು ಕೊಡಿ, ಹಿಂಜರಿಯಬೇಡಿ.

ಅಸೆಸ್‌ಮೆಂಟೇ ಮಾಡುವುದಿಲ್ಲ ಎಂದು ಪತ್ರ ಬಂತಾ? ದೂರು ಬಿಡಿ, ಅಪೀಲಿಗೆ ಹೋಗಿ. "ಶಾಲೆ ಇನ್ನೂ 6,000 ಪೌಂಡ್ ಖರ್ಚು ಮಾಡಿಲ್ಲ", "ಮಗು ಓದಿನಲ್ಲಿ ಅಷ್ಟೇನೂ ಹಿಂದೆ ಬಿದ್ದಿಲ್ಲ" ಅಂತೆಲ್ಲ ಬರೆದಿರುತ್ತಾರೆ. ಇವು ಕೌನ್ಸಿಲ್‌ನ ಒಳಗಿನ ನಿಯಮಗಳು. ಕಾನೂನು ಕೇಳುವುದು ಎರಡೇ: ಮಗುವಿಗೆ ವಿಶೇಷ ಅಗತ್ಯ ಇರಬಹುದಾ, ಪ್ಲಾನ್ ಬೇಕಾಗಬಹುದಾ. "ಬಹುದಾ" ಅಷ್ಟೇ, ಖಚಿತವಾಗಿ ತೋರಿಸಬೇಕಿಲ್ಲ. ಅಪೀಲಿಗೆ ಫೀಸಿಲ್ಲ. ವಕೀಲರೂ ಕಡ್ಡಾಯವಲ್ಲ. ಮೀಡಿಯೇಷನ್‌ಗೆ ಕೂರಲು ಇಷ್ಟವಿಲ್ಲದಿದ್ದರೂ ಮೀಡಿಯೇಷನ್ ಸಲಹೆಗಾರರನ್ನು ಸಂಪರ್ಕಿಸಿ ಸರ್ಟಿಫಿಕೇಟ್ ತೆಗೆದುಕೊಂಡರೆ ಸಾಕು. ಪ್ಲಾನ್‌ನಲ್ಲಿ ಬರೆದ ಶಾಲೆಯ ಬಗ್ಗೆ ಮಾತ್ರ ತಕರಾರಿದ್ದರೆ ಅದೂ ಬೇಡ. 2022-23ರಲ್ಲಿ ಟ್ರಿಬ್ಯೂನಲ್ ತೀರ್ಪು ಕೊಟ್ಟ ಅಪೀಲುಗಳಲ್ಲಿ ಸುಮಾರು ಶೇ. 98ರಷ್ಟು ಪೂರ್ತಿಯಾಗಿಯೋ ಸ್ವಲ್ಪ ಮಟ್ಟಿಗೋ ಪೋಷಕರ ಪರವಾಗಿ ಬಂದವು. ಅಪ್ಪ ಅಮ್ಮ ಹೇಳಿದ್ದೆಲ್ಲ ಸರಿ ಅಂತ ಇದರ ಅರ್ಥವಲ್ಲ. ನಿಲ್ಲದ ತೀರ್ಮಾನಗಳನ್ನೂ ಕೌನ್ಸಿಲ್‌ಗಳು ವಿಚಾರಣೆಯವರೆಗೆ ಎಳೆಯುತ್ತವೆ ಅನ್ನುವುದು ನನ್ನ ಅಭಿಪ್ರಾಯ. ಎಳೆದಷ್ಟು ದಿನ ಖರ್ಚು ಮುಂದಕ್ಕೆ ಹೋಗುತ್ತದಲ್ವಾ?

ಇನ್ನು ಪ್ಲಾನ್ ಕೈಗೆ ಬಂದ ಮೇಲಿನ ಕತೆ. ನಾನು ನೋಡುವ ದೂರುಗಳಲ್ಲಿ ಜಾಸ್ತಿ ಸೋಲುವುದು ಇಲ್ಲೇ, ಅದೂ ದೂರು ಕೊಡುವ ತಿಂಗಳುಗಳ ಮೊದಲೇ. ಡ್ರಾಫ್ಟ್ ಪ್ಲಾನ್ ಬಂದ ಮೇಲೆ ಅಭಿಪ್ರಾಯ ಹೇಳಲು ಕನಿಷ್ಠ 15 ದಿನ ಕೊಡುತ್ತಾರೆ. ಅಷ್ಟು ಕಾದು ಸುಸ್ತಾಗಿರುತ್ತದೆ, ಸಿಕ್ಕಿತಲ್ಲ ಅಂತ ಸುಮ್ನೆ ಒಪ್ಪಿಬಿಡುತ್ತಾರೆ. ದಯವಿಟ್ಟು ಸೆಕ್ಷನ್ ಎಫ್ ಅನ್ನು ಪೆನ್ಸಿಲ್ ಹಿಡಿದು ಓದಿ. ಮಗುವಿಗೆ ಏನೇನು ಸಹಾಯ ಸಿಗಬೇಕು ಅನ್ನುವುದು ಇರುವುದು ಅಲ್ಲಿ. "ಅಗತ್ಯಕ್ಕೆ ತಕ್ಕಂತೆ ಸ್ಪೀಚ್ ಥೆರಪಿ ಲಭ್ಯವಿರುತ್ತದೆ" ಎಂದು ಬರೆದಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಆರು ತಿಂಗಳು ಥೆರಪಿಸ್ಟ್ ಮುಖ ಕಾಣದಿದ್ದರೂ "ಈಗ ಅಗತ್ಯ ಬೀಳಲಿಲ್ಲ" ಅಂದರೆ ಮುಗಿಯಿತು. "ವಾರಕ್ಕೊಮ್ಮೆ 30 ನಿಮಿಷ, ಸ್ಪೀಚ್ ಥೆರಪಿಸ್ಟ್ ಜೊತೆ, ಒಬ್ಬನಿಗೇ" ಎಂದಿದ್ದರೆ ತಪ್ಪಿಹೋದ ವಾರಗಳನ್ನು ಬೆರಳು ಮಡಿಸಿ ಲೆಕ್ಕ ಹಾಕಬಹುದು. ಯಾರು, ಎಷ್ಟು ಹೊತ್ತು, ಎಷ್ಟು ಸಲ. ಈ ಮೂರೂ ಇಲ್ಲದ ಸಾಲಿನ ಪಕ್ಕ ಗುರುತು ಹಾಕಿ, ಬದಲಾಯಿಸಲು ಕೇಳಿ. ಒಪ್ಪದಿದ್ದರೆ ಅಂತಿಮ ಪ್ಲಾನ್ ಬಂದ ಮೇಲೆ ಅದಕ್ಕೂ ಅಪೀಲು ಇದೆ.

ಸೆಕ್ಷನ್ ಎಫ್‌ನಲ್ಲಿ ಸ್ಪಷ್ಟವಾಗಿ ಬರೆದದ್ದು ಸಿಗುತ್ತಿಲ್ಲವಾದರೆ ಹೊಣೆ ಕೌನ್ಸಿಲ್‌ನದು. ಶಾಲೆಯವರು ಸಿಬ್ಬಂದಿ ಇಲ್ಲ ಅಂತಾರೆ, ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ವೇಟಿಂಗ್ ಲಿಸ್ಟ್ ಅನ್ನುತ್ತದೆ, ಕೌನ್ಸಿಲ್ ಇಬ್ಬರ ಕಡೆಗೂ ಕೈ ತೋರಿಸುತ್ತದೆ. 2014ರ ಕಾಯ್ದೆಯ ಸೆಕ್ಷನ್ 42 ಇದನ್ನು ಒಪ್ಪುವುದಿಲ್ಲ. ಹೇಗಾದರೂ ಒದಗಿಸಬೇಕು, ಬೇಕಾದರೆ ಖಾಸಗಿ ಥೆರಪಿಸ್ಟ್‌ಗೆ ದುಡ್ಡು ಕೊಟ್ಟು. ಆರೋಗ್ಯ ಸರಿಯಿಲ್ಲದೆಯೋ ಶಾಲೆಯಿಂದ ಹೊರಹಾಕಿದ್ದರಿಂದಲೋ ಮಗು ಮನೆಯಲ್ಲೇ ಇದ್ದರೆ 1996ರ ಎಜುಕೇಷನ್ ಆಕ್ಟ್‌ನ ಸೆಕ್ಷನ್ 19ರ ಪ್ರಕಾರ ಪಾಠದ ವ್ಯವಸ್ಥೆಯೂ ಕೌನ್ಸಿಲ್‌ನದೇ.

ದೂರಿನ ಪತ್ರ ಒಂದು ಪುಟ ಸಾಕು. ಪ್ಲಾನ್‌ನ ದಿನಾಂಕ, ಎಫ್‌ನ ಆ ಸಾಲು ಹಾಗೇ, ಯಾವತ್ತಿನಿಂದ ನಿಂತಿದೆ, ನಿಮಗೇನು ಬೇಕು. ಹಳೆಯ ನೋವನ್ನೆಲ್ಲ ಸೇರಿಸಿ ಹತ್ತು ಪುಟ ಬರೆದರೆ ಅವರು ಉತ್ತರಿಸಲು ಸುಲಭವಾದದ್ದನ್ನು ಆರಿಸಿಕೊಳ್ಳುತ್ತಾರೆ. ಮತ್ತೆ ಶುರುಮಾಡಿ ಎನ್ನುವುದರ ಜೊತೆ, ತಪ್ಪಿದ ಸೆಷನ್‌ಗಳನ್ನು ತುಂಬಿಕೊಡಿ ಎಂದೂ ಕೇಳಿ. ಕೌನ್ಸಿಲ್‌ನ ಕೊನೆಯ ಉತ್ತರ ತೃಪ್ತಿ ಕೊಡದಿದ್ದರೆ ಒಂಬುಡ್ಸ್‌ಮನ್‌ಗೆ ಹೋಗಿ. ಇದೂ ಉಚಿತ. ಸಾಮಾನ್ಯವಾಗಿ, ಸಮಸ್ಯೆ ಗೊತ್ತಾದ 12 ತಿಂಗಳೊಳಗೆ ಹೋಗಬೇಕು. ಕಲಿಕೆ ತಪ್ಪಿದ್ದಕ್ಕೆ ಒಂದು ಟರ್ಮ್‌ಗೆ 900ರಿಂದ 2,400 ಪೌಂಡ್ ಕೊಡಿಸಬಹುದು ಎಂದು ಅವರ ಮಾರ್ಗಸೂಚಿಯಲ್ಲಿದೆ. ಟ್ರಿಬ್ಯೂನಲ್‌ನಲ್ಲಿ ಅಪೀಲು ಮಾಡಿದ, ಅಥವಾ ಮಾಡಬಹುದಾಗಿದ್ದ ವಿಷಯವನ್ನು ಮಾತ್ರ ಅವರು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಶಾಲೆಯ ಒಳಗಿನ ಹೆಚ್ಚಿನ ವಿಷಯಗಳೂ ಅವರ ಕೈಯಲ್ಲಿಲ್ಲ, ಅವಕ್ಕೆ ಶಾಲೆಯದೇ ದೂರಿನ ದಾರಿ.

ನಮ್ಮವರ ಬಗ್ಗೆ ಎರಡು ಮಾತು. "ಆ ಕೇಸ್‌ವರ್ಕರ್ ತುಂಬಾ ಒಳ್ಳೆಯವರು, ಬರೆದು ಕೇಳಿದರೆ ಬೇಜಾರಾಗ್ತಾರೆ" ಅಂತ ಎಲ್ಲವನ್ನೂ ಫೋನಿನಲ್ಲೇ ಮುಗಿಸುತ್ತಾರೆ. ಆ ಒಳ್ಳೆಯವರು ಮುಂದಿನ ಟರ್ಮ್‌ಗೆ ಇರುವುದಿಲ್ಲ. ಹೊಸಬರ ಕೈಗೆ ಸಿಗುವುದು ಫೈಲ್ ಮಾತ್ರ. ಫೋನ್ ಇಟ್ಟ ಕೂಡಲೇ "ಈಗ ಮಾತಾಡಿದ್ದು ಇಷ್ಟು" ಎಂದು ನಾಲ್ಕು ಸಾಲು ಈಮೇಲ್ ಹಾಕಿ. ಮನೆಯಲ್ಲಿ ಕನ್ನಡ ಮಾತಾಡುವುದೇ ಸಮಸ್ಯೆ ಎಂದು ಯಾರಾದರೂ ಹೇಳಿದರೆ ಅಳುಕಬೇಡಿ. ಮನೆಮಾತು ಬೇರೆ ಅನ್ನುವ ಒಂದೇ ಕಾರಣಕ್ಕೆ ಮಗುವಿಗೆ ಕಲಿಕೆಯ ತೊಂದರೆ ಇದೆ ಅನ್ನುವಂತಿಲ್ಲ, ಕಾಯ್ದೆಯಲ್ಲೇ ಹಾಗಿದೆ. ಹಾಗೆಯೇ, ನಿಜವಾದ ತೊಂದರೆಯನ್ನು "ಎರಡು ಭಾಷೆಯಿಂದ ಗೊಂದಲ, ಸರಿಹೋಗುತ್ತೆ" ಎಂದು ತಳ್ಳಿಹಾಕಲೂ ಬಿಡಬೇಡಿ.

ವೀಸಾ ಮೇಲಿರುವವರ ಭಯ ಇನ್ನೊಂದು. ಪ್ಲಾನ್ ಕೇಳಿದರೆ ವೀಸಾಗೆ ತೊಂದರೆಯಾದೀತಾ ಅಂತ ವರ್ಷಗಟ್ಟಲೆ ಸುಮ್ಮನಿದ್ದವರಿದ್ದಾರೆ. ಸರ್ಕಾರಿ ಶಾಲೆಯ ಓದು, ಅದರ ಜೊತೆ ಬರುವ ವಿಶೇಷ ಸಹಾಯ ವೀಸಾ ನಿಯಮದ ಪಬ್ಲಿಕ್ ಫಂಡ್ಸ್ (ವೀಸಾದವರು ಸಾಮಾನ್ಯವಾಗಿ ಪಡೆಯಬಾರದ ಸರ್ಕಾರಿ ನೆರವು) ಲೆಕ್ಕಕ್ಕೆ ಬರುವುದಿಲ್ಲ. ಆದರೆ ಮಗುವಿನ ಹೆಸರಿನಲ್ಲಿ ಸಿಗುವ ಡಿಎಲ್‌ಎ ಎಂಬ ಅಂಗವೈಕಲ್ಯ ಭತ್ಯೆ ಆ ಲೆಕ್ಕಕ್ಕೆ ಬರುತ್ತದೆ. ಅದಕ್ಕೆ ಅರ್ಜಿ ಹಾಕುವ ಮೊದಲು ಇಮಿಗ್ರೇಷನ್ ಸಲಿಸಿಟರ್ ಹತ್ತಿರ ಒಮ್ಮೆ ಕೇಳಿಕೊಳ್ಳಿ.