ಮಕ್ಕಳ ಬ್ಯಾಂಡ್‌ಗೆ ಯಾವ ಜಾಝ್? ಮತ್ತೆ, ನಿಧಾನದ ಹಾಡು ಸುಲಭ ಅಂತ ಯಾರು ಹೇಳಿದ್ದು?

ಪ್ರಶ್ನೆ: "ಸರ್, ನಮ್ಮದು ವಿರಾಜಪೇಟೆ ಕಡೆಯ ಶಾಲೆ. ನಾನು ಪಿ.ಟಿ. ಟೀಚರ್, ಬ್ಯಾಂಡ್ ಕೂಡ ನಾನೇ ನೋಡಿಕೊಳ್ಳೋದು. ಮೂರು ಟ್ರಂಪೆಟ್, ಎರಡು ಕ್ಲಾರಿನೆಟ್, ಒಂದು ಆಲ್ಟೋ ಸ್ಯಾಕ್ಸೋಫೋನ್, ಒಂದು ಟ್ರಾಂಬೋನ್, ಕೀಬೋರ್ಡ್, ಗಿಟಾರ್ ಇವೆ. ಉಳಿದವರೆಲ್ಲ ಡ್ರಮ್ ಮತ್ತು ಬ್ಯೂಗಲ್. ಮಕ್ಕಳಿಗೆ 11ರಿಂದ 14 ವರ್ಷ. ಸ್ಕೂಲ್ ಡೇಗೆ ಒಂದು ಜಾಝ್ ನುಡಿಸಬೇಕು ಅಂತ ಆಸೆ. ಸುಲಭವಾಗಿ, ನಿಧಾನವಾಗಿ ಇರುವಂಥದ್ದು ಒಂದು ಹೇಳಿ."

ಈ ಪ್ರಶ್ನೆ ನನಗೆ ಹೊಸದಲ್ಲ. ಊರು ಬೇರೆ ಇರುತ್ತದೆ, ವಾದ್ಯಗಳ ಲೆಕ್ಕ ಬೇರೆ ಇರುತ್ತದೆ, ಆದರೆ ಕೊನೆಯ ಸಾಲು ಯಾವಾಗಲೂ ಇದೇ. "ಸುಲಭವಾಗಿ, ನಿಧಾನವಾಗಿ." ಎರಡೂ ಒಂದೇ ಅನ್ನುವ ಹಾಗೆ. ಮಡಿಕೇರಿಯಲ್ಲಿ ಕೇಳಿದ್ದಾರೆ, ಸೋಮವಾರಪೇಟೆಯಲ್ಲಿ ಕೇಳಿದ್ದಾರೆ, ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗಲೂ ಪಕ್ಕದವರು ಕೇಳಿದ್ದಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಈ ಸಲ ಬರೆದೇ ಬಿಡುತ್ತೇನೆ.

ಮೊದಲು ನೇರ ಉತ್ತರ. ಹನ್ನೆರಡು ಬಾರ್‌ನ (ಬಾರ್ ಅಂದರೆ ಇಲ್ಲಿ ನಾಲ್ಕು ಬೀಟಿನ ಒಂದು ಸುತ್ತು) ಒಂದು ಬ್ಲೂಸ್ ಆರಿಸಿ. ಶ್ರುತಿ ಬಿ ಫ್ಲ್ಯಾಟ್, ಅಂದರೆ ಬಿ ಸ್ವರಕ್ಕಿಂತ ಅರ್ಧ ಮೆಟ್ಟಿಲು ಕೆಳಗೆ. ವೇಗ ನಿಮಿಷಕ್ಕೆ 120 ಬೀಟ್‌ನ ಆಸುಪಾಸು. ಒಂದೇ ಹೆಸರು ಬೇಕು ಅಂದರೆ ಅಮೆರಿಕದ ಜಾಝ್ ಬ್ಯಾಂಡ್ ನಾಯಕ ಡ್ಯೂಕ್ ಎಲಿಂಗ್ಟನ್ 1942ರಲ್ಲಿ ರೆಕಾರ್ಡ್ ಮಾಡಿದ 'ಸಿ ಜ್ಯಾಮ್ ಬ್ಲೂಸ್'. ಅದರ ಮುಖ್ಯ ರಾಗದಲ್ಲಿ ಇರುವುದು ಎರಡೇ ಸ್ವರ. ಹೌದು, ಎರಡೇ. ನಮ್ಮ ಲೆಕ್ಕದಲ್ಲಿ ಹೇಳಿದರೆ ಪ ಮತ್ತು ಮೇಲಿನ ಸ. ಹನ್ನೆರಡು ಬಾರ್ ಪೂರ್ತಿ ಆ ಎರಡು ಸ್ವರಗಳಲ್ಲೇ ಆಟ. ಕೆಳಗೆ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬದಲಾಗುತ್ತಾ ಹೋಗುತ್ತದೆ, ಮೇಲೆ ಅದೇ ಎರಡು ಸ್ವರ ಪ್ರತಿ ಸಲ ಬೇರೆ ಬಣ್ಣದಲ್ಲಿ ಕೇಳುತ್ತವೆ.

ಮೂಲದಲ್ಲಿ ಅದು ಸಿ ಶ್ರುತಿಯಲ್ಲಿದೆ. ಅದನ್ನು ಬಿ ಫ್ಲ್ಯಾಟ್‌ಗೆ ಇಳಿಸಿಕೊಂಡರೆ ಟ್ರಂಪೆಟ್ ಹಿಡಿದ ಮಗು ತನ್ನ ಕಾಗದದಲ್ಲಿ ಓದಿ ನುಡಿಸಬೇಕಾದದ್ದು ಜಿ ಮತ್ತು ಸಿ (ಟ್ರಂಪೆಟ್‌ಗೆ ಕೇಳುವುದಕ್ಕಿಂತ ಒಂದು ಮೆಟ್ಟಿಲು ಮೇಲೆ ಬರೆಯುತ್ತಾರೆ). ಎರಡಕ್ಕೂ ಒಂದು ವಾಲ್ವ್ (ಬೆರಳಲ್ಲಿ ಒತ್ತುವ ಗುಂಡಿ) ಕೂಡ ಒತ್ತಬೇಕಾಗಿಲ್ಲ. ವಾಲ್ವ್ ಒತ್ತದೆ ಬರುವ ಸ್ವರ ಅಂದರೆ ಬ್ಯೂಗಲ್‌ನಲ್ಲೂ ಬರುತ್ತದೆ ಅಂತ ಅರ್ಥ. ನಿಮ್ಮ ಶಾಲೆಯ ಬ್ಯೂಗಲ್ ಬಿ ಫ್ಲ್ಯಾಟ್‌ನದ್ದಾ ಅಂತ ಫೋನಿನ ಟ್ಯೂನರ್‌ನಲ್ಲಿ ಒಮ್ಮೆ ನೋಡಿ. ಆಗಿದ್ದರೆ ಬ್ಯೂಗಲ್ ಮಕ್ಕಳೂ ಈ ರಾಗ ನುಡಿಸಬಹುದು. ಧ್ವಜವಂದನೆಗೆ ಮಾತ್ರ ನಿಲ್ಲಿಸುತ್ತಿದ್ದ ಮಕ್ಕಳನ್ನು ಜಾಝ್ ಬ್ಯಾಂಡಿನ ಮುಂದಿನ ಸಾಲಿಗೆ ತಂದು ನಿಲ್ಲಿಸಿದಾಗ ಅವರ ಮುಖ ನೋಡಬೇಕು ನೀವು. ನಾನು ನೋಡಿದ್ದೇನೆ.

ಈಗ ಆ "ನಿಧಾನ" ಅನ್ನುವ ವಿಷಯಕ್ಕೆ ಬರುತ್ತೇನೆ.

ನಿಧಾನದ ಹಾಡು ಮಕ್ಕಳಿಗೆ ಸುಲಭ ಅನ್ನುವುದು ತಪ್ಪು. ಸ್ವಲ್ಪ ತಪ್ಪು ಅಲ್ಲ, ಪೂರ್ತಿ ತಪ್ಪು.

ಶಾಲೆಯ ಆಟೋಟದ ದಿನ ಸ್ಲೋ ಸೈಕಲ್ ರೇಸ್ ಇಡುತ್ತೀರಲ್ಲ, ಅದರಲ್ಲಿ ಮಕ್ಕಳು ಯಾಕೆ ಬೀಳುತ್ತಾರೆ? ಅಷ್ಟು ದೂರ ಯಾಕೆ, ನೀವು ಪಿ.ಟಿ. ಟೀಚರ್, ಪರೇಡ್ ನೆನಪು ಮಾಡಿಕೊಳ್ಳಿ. ತೇಜ್ ಚಲ್ (ಬಿರುಸು ನಡಿಗೆ) ಅಂದರೆ ಹೊಸ ಹುಡುಗರೂ ಎರಡು ವಾರದಲ್ಲಿ ಹೆಜ್ಜೆ ಹಾಕುತ್ತಾರೆ. ಧೀರೇ ಚಲ್ (ನಿಧಾನ ನಡಿಗೆ) ಅಂದರೆ? ಒಂದು ಕಾಲು ಗಾಳಿಯಲ್ಲಿ ನಿಂತ ಕ್ಷಣ ಇಡೀ ಸಾಲು ಓಲಾಡುತ್ತದೆ. ಮನೆಗೊಬ್ಬರು ಸೈನ್ಯಕ್ಕೆ ಹೋದ ಈ ಜಿಲ್ಲೆಯಲ್ಲಿ ಇದನ್ನು ನಾನು ಬಿಡಿಸಿ ಹೇಳಬೇಕಾ? ನಿಮ್ಮ ಊರಿನ ಯಾವ ನಿವೃತ್ತ ಸುಬೇದಾರರನ್ನು ಬೇಕಾದರೂ ಕೇಳಿ. ಸಂಗೀತದಲ್ಲೂ ಅಷ್ಟೇ. ಕರ್ನಾಟಕ ಸಂಗೀತ ಕಲಿತವರಿಗಂತೂ ಇದು ಚೆನ್ನಾಗಿ ಗೊತ್ತು. ವಿಳಂಬ ಕಾಲದಲ್ಲಿ ಹಾಡುವಾಗಲೇ ಅಲ್ವಾ ತಾಳ ಓಡುವುದು, ಗುರುಗಳು ತೊಡೆ ತಟ್ಟಿ "ಕಾಲಪ್ರಮಾಣ, ಕಾಲಪ್ರಮಾಣ" ಅನ್ನುವುದು?

ಲೆಕ್ಕ ಹಾಕಿಯೇ ನೋಡೋಣ. ನಾಲ್ಕು ಬೀಟಿನ ನಾಲ್ಕು ಬಾರ್, ಒಟ್ಟು 16 ಬೀಟ್. ನಿಮಿಷಕ್ಕೆ 120ರ ವೇಗದಲ್ಲಿ ಅದು 8 ಸೆಕೆಂಡ್. 60ರ ವೇಗದಲ್ಲಿ 16 ಸೆಕೆಂಡ್. ನಿಮ್ಮ ಟ್ರಂಪೆಟ್ ಹುಡುಗಿಯ ಮುಂದೆ ವಾಚ್ ಹಿಡಿದು ಒಂದೇ ಉಸಿರಲ್ಲಿ ಎಷ್ಟು ಸೆಕೆಂಡ್ ಸ್ವರ ಹಿಡಿಯುತ್ತಾಳೆ ನೋಡಿ. 11 ವರ್ಷದ ಮಗುವಿನ ಎದೆ ಎಷ್ಟಿದೆಯೋ ಅಷ್ಟೇ ಗಾಳಿ. ರಾಗದ ಸಾಲು ಮುಗಿಯುವ ಮೊದಲೇ ಉಸಿರು ಮುಗಿಯುತ್ತದೆ, ಅವಳು ಪದದ ನಡುವೆ ತುಂಡು ಮಾಡಿದ ಹಾಗೆ ಎಲ್ಲೆಲ್ಲೋ ಉಸಿರು ತೆಗೆಯುತ್ತಾಳೆ, ಆಮೇಲೆ ನಾವು "ಭಾವನೆ ಇಲ್ಲ" ಅಂತ ಮಗುವನ್ನೇ ಬೈಯುತ್ತೇವೆ.

ಇನ್ನು ಶ್ರುತಿ. ವೇಗದ ಹಾಡಲ್ಲಿ ಸ್ವರ ಬಂದು ಹೋಗಿಬಿಡುತ್ತದೆ. ನಿಧಾನದ ಹಾಡಲ್ಲಿ ಮೂರು ಟ್ರಂಪೆಟ್ ಒಂದೇ ಸ್ವರವನ್ನು ನಾಲ್ಕು ಸೆಕೆಂಡ್ ಹಿಡಿದರೆ, ಒಂದು ಚೂರು ಕೆಳಗಿದ್ದರೂ ಆ ವ್ಯತ್ಯಾಸ ಸಭೆಯ ಕೊನೆ ಸಾಲಿಗೂ ಕೇಳುತ್ತದೆ. ಡಿಸೆಂಬರ್ ಜನವರಿಯ ಚಳಿಯಲ್ಲಿ ಬಯಲಲ್ಲಿ ನುಡಿಸುವಾಗ ಗಾಳಿವಾದ್ಯಗಳ ಶ್ರುತಿ ತಾನಾಗಿಯೇ ಇಳಿಯುತ್ತದೆ. ಎಲ್ಲವೂ ಒಂದೇ ಅಳತೆಯಲ್ಲಿ ಇಳಿಯುವುದಿಲ್ಲ, ಅದೇ ತೊಂದರೆ.

ಎಲ್ಲಕ್ಕಿಂತ ದೊಡ್ಡದು ಸ್ವಿಂಗ್. ಜಾಝ್‌ನಲ್ಲಿ ಒಂದು ಬೀಟನ್ನು ಎರಡು ಸ್ವರವಾಗಿ ಒಡೆದಾಗ ಎರಡೂ ಸಮ ಇರುವುದಿಲ್ಲ. ಮೊದಲನೆಯದು ಉದ್ದ, ಎರಡನೆಯದು ಗಿಡ್ಡ. ಕಾಗದದ ಮೇಲೆ ಎರಡನ್ನೂ ಸಮವಾಗಿಯೇ ಬರೆದಿರುತ್ತಾರೆ, ನುಡಿಸುವಾಗ ಮಾತ್ರ ಸುಮಾರು ಎರಡಕ್ಕೆ ಒಂದರ ಪಾಲು. ವೇಗ ಜಾಸ್ತಿ ಆದಂತೆ ಈ ಪಾಲು ಸಮಕ್ಕೆ ಹತ್ತಿರ ಬರುತ್ತದೆ, ಮಗು ಸ್ವಲ್ಪ ಆಚೀಚೆ ಮಾಡಿದರೂ ಕಿವಿಗೆ ಹೊಡೆಯುವುದಿಲ್ಲ. 60ರ ವೇಗದಲ್ಲಿ ಒಂದು ಬೀಟ್ ಅಂದರೆ ಪೂರ್ತಿ ಒಂದು ಸೆಕೆಂಡ್. ಆ ಸೆಕೆಂಡಿನ ಮೂರನೇ ಎರಡು ಭಾಗ ಕಾದು, ಸರಿಯಾಗಿ ಅಲ್ಲೇ ಎರಡನೇ ಸ್ವರ ಇಡಬೇಕು. ಕೈ ಹಿಡಿಯಲು ನಡುವೆ ಏನೂ ಇಲ್ಲ, ಸುಮ್ನೆ ಖಾಲಿ ಜಾಗ. ದೊಡ್ಡವರೇ ಅಲ್ಲಿ ತಡವರಿಸುತ್ತಾರೆ. ಕೌಂಟ್ ಬೇಸಿಯ ಬ್ಯಾಂಡ್ 1957ರಲ್ಲಿ ರೆಕಾರ್ಡ್ ಮಾಡಿದ, ನೀಲ್ ಹೆಫ್ಟಿ ಬರೆದ 'ಲಿಲ್ ಡಾರ್ಲಿನ್' ಕೇಳಿ ನೋಡಿ. ತುಂಬಾ ನಿಧಾನ, ಸ್ವರಗಳೂ ಜಾಸ್ತಿ ಇಲ್ಲ. ಕೇಳಿದರೆ "ಅಯ್ಯೋ ಇಷ್ಟೇನಾ" ಅನ್ನಿಸುತ್ತದೆ. ವರ್ಷಗಟ್ಟಲೆ ಒಟ್ಟಿಗೆ ನುಡಿಸಿದ ವೃತ್ತಿಪರ ಬ್ಯಾಂಡ್‌ಗಳೂ ಅದನ್ನು ಮುಟ್ಟುವಾಗ ಎಚ್ಚರಿಕೆಯಿಂದ ಮುಟ್ಟುತ್ತವೆ. ಓಡಬಾರದು, ಎಳೆಯಲೂಬಾರದು.

ಒಂದು ಸಲ ನಾನೂ ಒಂದು ಶಾಲೆಗೆ ನಿಧಾನದ ಹಾಡನ್ನೇ ಆರಿಸಿಕೊಟ್ಟಿದ್ದೆ. ಚಿಕ್ಕ ಮಕ್ಕಳು, ಪಾಪ, ಸುಲಭ ಇರಲಿ ಅಂತ. ವೇದಿಕೆ ಮೇಲೆ ಎರಡು ನಿಮಿಷದಲ್ಲಿ ಡ್ರಮ್ ಓಡಲು ಶುರು ಮಾಡಿತು, ಟ್ರಂಪೆಟ್ ಹಿಂದೆ ಉಳಿಯಿತು, ಕೀಬೋರ್ಡ್ ಹುಡುಗ ಯಾರ ಜೊತೆ ಹೋಗಬೇಕು ಅಂತ ಗೊತ್ತಾಗದೆ ಕೈ ನಿಲ್ಲಿಸಿ ನನ್ನ ಮುಖ ನೋಡಿದ. ಮಕ್ಕಳ ತಪ್ಪು ಒಂದೂ ಇರಲಿಲ್ಲ. ಆವತ್ತು ತೀರ್ಮಾನ ಮಾಡಿದೆ.

ಒಂದು ಮಾತು ಬೆರೆಸಿಕೊಳ್ಳಬೇಡಿ. ಅಭ್ಯಾಸ ನಿಧಾನವಾಗಿಯೇ ಮಾಡಿಸಿ, 80ರಲ್ಲಿ, ಬೇಕಿದ್ದರೆ 70ರಲ್ಲಿ. ನಾನು ಹೇಳುತ್ತಿರುವುದು ಹಾಡಿನ ಆಯ್ಕೆ ಬಗ್ಗೆ. ವೇದಿಕೆಯಲ್ಲಿ ಅದು ಯಾವ ವೇಗದಲ್ಲಿ ನಿಲ್ಲಬೇಕು ಅನ್ನುವುದರ ಬಗ್ಗೆ.

ಹಾಗಾದರೆ 120 ಯಾಕೆ? ತೇಜ್ ಚಲ್‌ನ ವೇಗವೂ ಹೆಚ್ಚು ಕಮ್ಮಿ ಅದೇ. ನಿಮ್ಮ ಮಕ್ಕಳ ಕಾಲಿಗೆ ಅದು ಆಗಲೇ ಗೊತ್ತಿದೆ. 1930ರ ದಶಕದ ದೊಡ್ಡ ಸ್ವಿಂಗ್ ಬ್ಯಾಂಡ್‌ಗಳು ನುಡಿಸಿದ್ದು ಜನ ಕುಣಿಯಲಿ ಅಂತ, ಕೂತು ಕೇಳಲಿ ಅಂತ ಅಲ್ಲ. ನಮ್ಮ ಮದುವೆಯಲ್ಲಿ ವಾಲಗ ಶುರುವಾದರೆ ಚಿಕ್ಕ ಮಕ್ಕಳೂ ಯಾರೂ ಹೇಳಿಕೊಡದೆ ಕೈ ಬೀಸುತ್ತಾ ಕುಣಿಯುತ್ತಾರಲ್ಲ, ಒಂದು ಎರಡು ಅಂತ ಎಣಿಸುತ್ತಾರಾ? ತಾಳ ಮೈಯಲ್ಲಿ ಕೂತಿರುತ್ತದೆ. ಸ್ವಿಂಗ್ ಕೂಡ ಹಾಗೇ ಕೂರಬೇಕು. ಅದಕ್ಕೆ ನಡೆಯುವ, ಕುಣಿಯುವ ವೇಗ ಬೇಕು.

ಜಾಝ್‌ನ ಪ್ರಸಿದ್ಧ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಕಲಿತದ್ದು ಹೀಗೇ. 1913ರಲ್ಲಿ, 11 ವರ್ಷದ ಹುಡುಗ, ನ್ಯೂ ಆರ್ಲಿಯನ್ಸ್‌ನಲ್ಲಿ ದಾರಿ ತಪ್ಪಿದ ಮಕ್ಕಳನ್ನು ಇಡುವ ಒಂದು ನಿಲಯದಲ್ಲಿ ಇದ್ದ. ಅಲ್ಲಿನ ಬ್ಯಾಂಡ್ ಮೇಷ್ಟ್ರು ಪೀಟರ್ ಡೇವಿಸ್. ಆ ಬ್ಯಾಂಡಿನಲ್ಲಿ ಹುಡುಗ ಬ್ಯೂಗಲ್ ಊದಿದ, ಆಮೇಲೆ ಟ್ರಂಪೆಟ್‌ನಂಥದ್ದೇ ವಾದ್ಯವಾದ ಕಾರ್ನೆಟ್ ಹಿಡಿದ. ಮಕ್ಕಳು ಬೀದಿಯಲ್ಲಿ ಮೆರವಣಿಗೆ ಹೋಗುತ್ತಾ ನುಡಿಸುತ್ತಿದ್ದರು. ಜಾಝ್ ಹುಟ್ಟಿದ ಊರಲ್ಲಿ ಅದು ಬೆಳೆದದ್ದೇ ಇಂಥ ಮಾರ್ಚ್ ಬ್ಯಾಂಡ್‌ಗಳ ಮಡಿಲಲ್ಲಿ. ನಿಮ್ಮ ಶಾಲೆಯ ಪರೇಡ್ ಬ್ಯಾಂಡನ್ನು ಕಡಿಮೆ ಅಂದುಕೊಳ್ಳಬೇಡಿ.

ಬದಲಾಯಿಸಬೇಕಾದದ್ದು ಒಂದೇ, ಒತ್ತು ಬೀಳುವ ಜಾಗ. ಮಾರ್ಚ್‌ನಲ್ಲಿ ಒಂದು ಮತ್ತು ಮೂರರ ಮೇಲೆ ಭಾರ. ಇಲ್ಲಿ ಎರಡು ಮತ್ತು ನಾಲ್ಕರ ಮೇಲೆ. ಸೈಡ್ ಡ್ರಮ್ ಮಕ್ಕಳಿಗೆ ಕೋಲು ಕೆಳಗಿಡಲು ಹೇಳಿ, ನಿಂತಲ್ಲೇ ಹೆಜ್ಜೆ ಹಾಕಿಸಿ, ಎರಡು ಮತ್ತು ನಾಲ್ಕಕ್ಕೆ ಚಪ್ಪಾಳೆ ಹೊಡೆಸಿ. ಒಂದು ವಾರ ಬರೀ ಇದು. ಎಲ್ಲರಿಗೂ ಇದನ್ನೇ ಮಾಡಿಸಿ, ಡ್ರಮ್‌ನವರಿಗೆ ಮಾತ್ರ ಅಲ್ಲ.

ಇನ್ನು ಕಾಗದ ಕೈಗೆ ಬಂದಾಗ ಏನು ನೋಡಬೇಕು ಅನ್ನುವುದು. ಮಕ್ಕಳ ಬ್ಯಾಂಡ್‌ಗೆ ಅಂತಲೇ ಬರೆದ ಅರೇಂಜ್‌ಮೆಂಟ್ (ಹಾಡನ್ನು ಒಂದೊಂದು ವಾದ್ಯಕ್ಕೆ ಹಂಚಿ ಬರೆದ ಪ್ರತಿ) ಹಣ ಕೊಟ್ಟು ತೆಗೆದುಕೊಳ್ಳಿ. ದೊಡ್ಡ ಬ್ಯಾಂಡಿನದ್ದು ಐದು ಸ್ಯಾಕ್ಸೋಫೋನ್, ನಾಲ್ಕು ಟ್ರಂಪೆಟ್, ನಾಲ್ಕು ಟ್ರಾಂಬೋನ್, ಜೊತೆಗೆ ಪಿಯಾನೋ, ಗಿಟಾರ್, ಬಾಸ್, ಡ್ರಮ್. ಒಟ್ಟು 17 ಜನ. ನಿಮ್ಮಲ್ಲಿ ಅಷ್ಟು ಇಲ್ಲ. ಹೆಸರಿನಲ್ಲಿ ಫ್ಲೆಕ್ಸ್ ಅಂತ ಇರುವ ಅರೇಂಜ್‌ಮೆಂಟ್‌ಗಳು ಸಿಗುತ್ತವೆ. ಅದರಲ್ಲಿ ನಾಲ್ಕೈದು ದನಿ ಮಾತ್ರ, ಯಾವ ದನಿಯನ್ನು ಯಾವ ವಾದ್ಯ ಬೇಕಾದರೂ ನುಡಿಸಬಹುದು. ನಿಮಗೆ ಅದೇ ಸರಿ. ಟ್ರಾಂಬೋನ್ ಹುಡುಗನಿಗೆ ಜ್ವರ ಬಂದರೂ ಹಾಡು ನಿಲ್ಲುವುದಿಲ್ಲ.

ಮುಖಪುಟದ ಮೇಲೆ ಗ್ರೇಡ್ 1, ಗ್ರೇಡ್ 2 ಅಂತ ಇರುತ್ತದೆ. ಅದು ಕಂಪನಿಯಿಂದ ಕಂಪನಿಗೆ ಬೇರೆ, ಅದನ್ನೇ ನಂಬಿ ಕೂರಬೇಡಿ. ಟ್ರಂಪೆಟ್ ಪಾರ್ಟ್ ತೆರೆದು ಅತಿ ಎತ್ತರದ ಸ್ವರ ಹುಡುಕಿ. ಐದು ಗೆರೆಯ ಮೇಲಿನ ಅಂಚಿನ ಹತ್ತಿರ ಹೋಗುತ್ತಿದ್ದರೆ ಪಕ್ಕಕ್ಕಿಡಿ, 12 ವರ್ಷದ ತುಟಿ ಎರಡನೇ ಸಲಕ್ಕೇ ಸೋಲುತ್ತದೆ. ಟ್ರಾಂಬೋನ್ ಪಾರ್ಟ್‌ನಲ್ಲಿ ಆರನೇ, ಏಳನೇ ಸ್ಥಾನದ ಸ್ವರ ಎಷ್ಟಿವೆ ನೋಡಿ. ಸ್ಲೈಡ್ ಅಷ್ಟು ದೂರ ತಳ್ಳಲು ಚಿಕ್ಕ ಮಕ್ಕಳ ಕೈಗೆ ಉದ್ದವೇ ಸಾಲುವುದಿಲ್ಲ, ಎಷ್ಟು ಅಭ್ಯಾಸ ಮಾಡಿಸಿದರೂ ಕೈ ಬೆಳೆಯುವುದಿಲ್ಲ. ಕ್ಲಾರಿನೆಟ್‌ನಲ್ಲಿ ನಡುವಿನ ಎ ಇಂದ ಬಿಗೆ ಪದೇ ಪದೇ ದಾಟಿಸುವ ಸಾಲುಗಳು ಕಡಿಮೆ ಇರಬೇಕು. ಅಲ್ಲಿ ಬೆರಳೆಲ್ಲ ಒಂದೇ ಸಲ ಬದಲಾಗಬೇಕಾಗುತ್ತದೆ.

ಐದು ಬೀಟಿನ ಪ್ರಸಿದ್ಧ ಜಾಝ್ ಹಾಡು 'ಟೇಕ್ ಫೈವ್' ಬೇಕು ಅಂತ ಮಕ್ಕಳು ಕೇಳುತ್ತಾರೆ. ಕೇಳಿಯೇ ಕೇಳುತ್ತಾರೆ. ಐದು ಬೀಟ್ ಅಂದ ಕೂಡಲೇ ಸಂಗೀತ ಕ್ಲಾಸಿಗೆ ಹೋಗುವ ಮಕ್ಕಳು ಖಂಡ ಛಾಪು ಅಂತ ಖುಷಿ ಪಡುತ್ತಾರೆ, ಆದರೆ ಖಂಡ ಛಾಪು ಎರಡು ಮತ್ತು ಮೂರು, ಇದು ಮೂರು ಮತ್ತು ಎರಡು. ಮೇಲಾಗಿ ಅದರ ಶ್ರುತಿ ಇ ಫ್ಲ್ಯಾಟ್ ಮೈನರ್, ಆರು ಫ್ಲ್ಯಾಟ್. ಎರಡು ವರ್ಷ ಆದ ಮೇಲೆ ನೋಡೋಣ ಅಂತ ಹೇಳಿ.

ನೀವು ಕೇಳದೇ ಇದ್ದರೂ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ನಮ್ಮ ಶಾಲೆಗಳಲ್ಲಿ ಹೊಸ ಹಾಡು ಶುರು ಮಾಡುವುದು ಜೂನ್‌ನಲ್ಲಿ. ಅಷ್ಟರಲ್ಲಿ ಮಳೆ. ಶೀಟಿನ ಮಾಡಿನ ಕೆಳಗೆ ಕೂತರೆ ಪಕ್ಕದವನ ಕ್ಲಾರಿನೆಟ್ ಕೂಡ ಕೇಳುವುದಿಲ್ಲ. ನಡುವೆ ಮಳೆ ರಜೆ ಬೇರೆ. ಆ ತಿಂಗಳುಗಳಲ್ಲಿ ಚಪ್ಪಾಳೆ, ಹೆಜ್ಜೆ, ಬಾಯಲ್ಲಿ ಹಾಡುವುದು ಮಾಡಿಸಿ. ಬಾಯಲ್ಲಿ ಸ್ವಿಂಗ್ ಬಂದ ಮಗುವಿಗೆ ಕೈಲ್‌ಪೊಳ್ದ್ (ಸೆಪ್ಟೆಂಬರಿನ ಕೊಡವ ಹಬ್ಬ) ಕಳೆದ ಮೇಲೆ ವಾದ್ಯ ಕೊಟ್ಟರೂ ಸ್ಕೂಲ್ ಡೇಗೆ ತಯಾರಾಗುತ್ತದೆ.

ಆದರೆ ವಾದ್ಯ ಪೆಟ್ಟಿಗೆಯಲ್ಲಿ ಸುಮ್ನೆ ಬಿದ್ದಿರಬಾರದು. ಕಕ್ಕಡದ (ಜುಲೈ ಆಗಸ್ಟ್ ನಡುವಿನ ತಿಂಗಳು) ಮಳೆಯಲ್ಲಿ ಮೌತ್‌ಪೀಸ್‌ಗೆ ಕಟ್ಟಿ ಬಿಟ್ಟ ರೀಡ್‌ಗೆ (ಊದಿದಾಗ ಕಂಪಿಸುವ ತೆಳು ಪಟ್ಟಿ) ಒಂದೇ ವಾರದಲ್ಲಿ ಬೂಸ್ಟು ಹಿಡಿಯುತ್ತದೆ, ಅದನ್ನೇ ಮಗು ಬಾಯಿಗೆ ಇಡುತ್ತದೆ. ರೀಡ್ ಬಿಚ್ಚಿ, ಒರೆಸಿ, ಬೇರೆ ಇಡಿ. ಸ್ಯಾಕ್ಸೋಫೋನ್‌ನ ತೂತು ಮುಚ್ಚುವ ಪ್ಯಾಡ್ ಅಂಟಿಕೊಂಡರೆ ಎಳೆಯಬೇಡಿ, ತೆಳು ಒಣ ಕಾಗದ ಸಿಕ್ಕಿಸಿ, ಕೀ ಮೆಲ್ಲಗೆ ಒತ್ತಿ ತೇವ ಹೀರಿಸಿ. ಮನೆಯಲ್ಲಿ ಬಟ್ಟೆ ಒಣಗಿಸುವ ಒಲೆಯ ಹತ್ತಿರ ವಾದ್ಯ ಇಡಬೇಡಿ ಅಂತ ಅಪ್ಪ ಅಮ್ಮಂದಿರಿಗೆ ಹೇಳಿ. ಮರದ ಕ್ಲಾರಿನೆಟ್ ಆಗಿದ್ದರೆ ಸೀಳು ಬಿಡುತ್ತದೆ. ಮತ್ತೆ ಟ್ರಂಪೆಟ್ ವಾಲ್ವ್‌ಗೆ ದಯವಿಟ್ಟು ತೆಂಗಿನೆಣ್ಣೆ ಹಾಕಬೇಡಿ. ಅದು 24 ಡಿಗ್ರಿ ಆಸುಪಾಸಿನಲ್ಲೇ ಗಟ್ಟಿಯಾಗುತ್ತದೆ, ಮಳೆಗಾಲದಲ್ಲಿ ನಿಮ್ಮ ಬಚ್ಚಲುಮನೆಯ ಬಾಟಲಿ ನೋಡಿದರೇ ಗೊತ್ತಾಗುತ್ತದೆ. ವಾಲ್ವ್ ಆಯಿಲ್ ಅಂತಲೇ ಒಂದು ಸಣ್ಣ ಸೀಸೆ ಸಿಗುತ್ತದೆ. ಮುಂದಿನ ಸಲ ಮೈಸೂರಿಗೋ ಬೆಂಗಳೂರಿಗೋ ಹೋದಾಗ ಎರಡು ತಂದಿಟ್ಟುಕೊಳ್ಳಿ.