ರಾಶಿಯಲ್ಲಿ ಮೊದಲ ಪಾಲು ಯಾರದು? ಸೋವಿಯತ್ ಸಾಮೂಹಿಕ ಬೇಸಾಯದ ಟಿಪ್ಪಣಿ

ವಿಜಯಪುರದಲ್ಲಿ ನಾವು ಐದಾರು ಮಂದಿ ಪರೀಕ್ಷೆಗೆಂದು ಕೂಡಿ ಓದುತ್ತೇವೆ. ಈ ಅಧ್ಯಾಯದಲ್ಲಿ ಎಲ್ಲರನ್ನೂ ಕಾಡಿದ ಪ್ರಶ್ನೆ ಒಂದೇ: ರೈತನಿಗೆ ಭೂಮಿ ಕೊಟ್ಟ ಸರಕಾರದ ಕೆಳಗೇ ರೈತ ಹಸಿದು ಸತ್ತದ್ದು ಹೇಗೆ?

ರಷ್ಯದ ಕ್ರಾಂತಿಯ ಬೆನ್ನಿಗೇ ಬಂದ 1917ರ ಭೂಮಿ ಆದೇಶ ಜಮೀನ್ದಾರರ ಒಡೆತನವನ್ನು ಪರಿಹಾರವಿಲ್ಲದೆ ರದ್ದು ಮಾಡಿತು. ರೈತರು ಹೊಲ ಹಂಚಿಕೊಂಡರು. ಆ ಭರವಸೆಯೇ ಸುಳ್ಳಾಗಿತ್ತು ಎಂದು ಬರೆಯಬೇಡಿ. ಅಂತರ್ಯುದ್ಧದ ಕಾಲದಲ್ಲಿ ಕಾಳನ್ನು ಬಲವಂತವಾಗಿ ಎತ್ತಿದರು, ನಿಜ. ಆದರೆ 1921ರ ಹೊಸ ಆರ್ಥಿಕ ನೀತಿ ಬಂದ ಮೇಲೆ ತೆರಿಗೆ ಕೊಟ್ಟು ಉಳಿದದ್ದನ್ನು ರೈತ ಮಾರಬಹುದಿತ್ತು. ಮುರಿದದ್ದು 1929ರಿಂದ. ಸ್ಟಾಲಿನ್ ಹೊಲ, ಕುದುರೆ, ನೇಗಿಲು ಎಲ್ಲವನ್ನೂ ಸಾಮೂಹಿಕ ಮಾಡಿಸಿದ, ಅಂದರೆ ರೈತರಿಂದ ತೆಗೆದು ಒಟ್ಟು ಬೇಸಾಯಕ್ಕೆ ಸೇರಿಸಿದ. ಒಪ್ಪಿಸುವ ಬದಲು ರೈತರು ದನಗಳನ್ನೇ ಕೊಂದರು. 'ಕುಲಕ್', ಅಂದರೆ ಸ್ಥಿತಿವಂತ ರೈತ, ಎಂಬ ಹಣೆಪಟ್ಟಿ ಹಚ್ಚಿ 1930–31ರಲ್ಲಿ ಸುಮಾರು 18 ಲಕ್ಷ ಜನರನ್ನು ಗಡೀಪಾರು ಮಾಡಿದರು.

ಇನ್ನು ಕಣಕ್ಕೆ ಬನ್ನಿ, ತಿರುಳು ಇರುವುದು ಇಲ್ಲೇ. ನಮ್ಮಲ್ಲಿ ರಾಶಿ ಮುಗಿದ ಮೇಲೆ ಜೋಳದ ಚೀಲ ಎಣಿಸುತ್ತೇವೆ. ಅಲ್ಲಿ 1933ರಿಂದ ಹೊಲದಲ್ಲಿ ನಿಂತ ಪೈರಿನ ಅಂದಾಜೇ ಅಧಿಕೃತ ಇಳುವರಿಯಾಯಿತು. ರಾಶಿಯಲ್ಲಿ ಮೊದಲ ಪಾಲು ಸರಕಾರದ್ದು, ಅದೂ ಅದು ಕಟ್ಟಿದ ಅಗ್ಗದ ದರಕ್ಕೆ. ಆಮೇಲೆ ಉಳುಮೆ ಮಾಡಿಕೊಟ್ಟ ಸರಕಾರಿ ಟ್ರ್ಯಾಕ್ಟರ್ ಕೇಂದ್ರಕ್ಕೆ ಬಾಡಿಗೆಯ ಕಾಳು, ಬಿತ್ತನೆ ಬೀಜ. ಕಡೆಗೆ ಉಳಿದರೆ, ದುಡಿದವರಿಗೆ ದುಡಿದ ದಿನಗಳ ಲೆಕ್ಕದಲ್ಲಿ ಹಂಚಿಕೆ. ಬೆಳೆದವನೇ ಸರದಿಯ ಕೊನೆಗೆ ನಿಂತ.

1932ರ ಆಗಸ್ಟ್ 7ರ ಕಾನೂನಿನಂತೆ ಸಾಮೂಹಿಕ ಹೊಲದ ಕಾಳು ಕದ್ದರೆ ಮರಣದಂಡನೆ ಅಥವಾ ಹತ್ತು ವರ್ಷ ಸೆರೆ. ಬಚ್ಚಿಟ್ಟ ಕಾಳಿಗಾಗಿ ಕಬ್ಬಿಣದ ಸಲಾಕೆಯಿಂದ ಮನೆಯ ನೆಲ ಚುಚ್ಚಿ ಹುಡುಕಿದರು. ಅದನ್ನು ಓದುವಾಗ ನನ್ನ ಕಣ್ಣ ಮುಂದೆ ನಮ್ಮಜ್ಜಿ ಮನೆಯ ಹಗೇವು ಬಂತು. ಬರಗಾಲಕ್ಕೆಂದು ಮುಚ್ಚಿಟ್ಟ ಜೋಳವನ್ನೂ ಅಪರಾಧ ಎಂದರೆ ಮನೆಮಂದಿ ಏನು ತಿನ್ನಬೇಕು? 1932ರಲ್ಲಿ ಕಾಳಿನ ರಫ್ತು ಮಾತ್ರ 10 ಲಕ್ಷ ಟನ್ ದಾಟಿತ್ತು. 1932–33ರ ಕ್ಷಾಮದಲ್ಲಿ ಸತ್ತವರು ಕಡಿಮೆಯೆಂದರೂ 50 ಲಕ್ಷ, ಅವರಲ್ಲಿ ಹೆಚ್ಚಿನವರು ಉಕ್ರೇನಿನವರು.

ಸಾಕ್ಷರತೆ, ಕೈಗಾರಿಕೆಗಳಲ್ಲಿ ಆದ ಏರಿಕೆಯನ್ನೂ ಉತ್ತರದಲ್ಲಿ ಬರೆಯಿರಿ. ಅದೂ ನಡೆದ ಸಂಗತಿಯೇ. ಹೋಲಿಕೆ ಕೇಳಿದರೆ 1974ರ ನಮ್ಮ ಭೂಸುಧಾರಣೆ ಇದೆ: ದೇವರಾಜ ಅರಸು ಸರಕಾರ ಗೇಣಿದಾರನಿಗೆ ಹೊಲ ಕೊಟ್ಟಿತು, ಕೊಟ್ಟ ಹೊಲ ಅವನ ಹೆಸರಿನಲ್ಲೇ ಉಳಿಯಿತು.

ಚೀನಾ 1958ರಲ್ಲಿ ಕಮ್ಯೂನ್, ಅಂದರೆ ಹಳ್ಳಿಗಳನ್ನು ಒಟ್ಟುಗೂಡಿಸಿದ ಸಾಮೂಹಿಕ ಬೇಸಾಯದ ಘಟಕ, ಕಟ್ಟಿ ಇನ್ನೂ ದೊಡ್ಡ ಕ್ಷಾಮ ಕಂಡಿತು. 1978ರಲ್ಲಿ ಅಲ್ಲಿನ ಶಿಯಾವ್‌ಗಾಂಗ್ ಹಳ್ಳಿಯ 18 ರೈತರು ಹೊಲವನ್ನು ಗುಟ್ಟಾಗಿ ಮನೆವಾರು ಹಂಚಿಕೊಂಡು ಒಂದು ಕರಾರಿಗೆ ಹೆಬ್ಬೆಟ್ಟು ಒತ್ತಿದರು. ಮುಂದಾಳುಗಳು ಜೈಲಿಗೆ ಹೋದರೆ ಅವರ ಮಕ್ಕಳನ್ನು 18 ವರ್ಷದವರೆಗೆ ಉಳಿದವರು ಸಾಕಬೇಕು ಎಂದು ಅದರಲ್ಲಿತ್ತು.